ಕೆಂಡದ ಮೇಲಿನ ಸೀತನಿ

ಚಳಿ ಬಲಿತು ಸಂಕ್ರಾಂತಿ ಹತ್ತಿರವಾಗುತ್ತಿದ್ದಂತೆ ಬೀದರ್ ತಾಲ್ಲೂಕಿನ ಕಮಠಾಣದಿಂದ ಭಾಲ್ಕಿ, ಔರಾದ್‌ವರೆಗೆ ಹಿಂಗಾರಿ ಬಿಳಿಜೋಳ ಹಾಲುಗಟ್ಟುತ್ತದೆ. ಹಸಿ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿನ್ನುವ ಸೀತನಿಯ ಕಾಲ ಅದೇ. ಗಡಿಯಾಚೆ ಲಾತೂರು, ನಾಂದೇಡ ಕಡೆಯವರು ಇದನ್ನೇ ಹುರ್ಡಾ ಎನ್ನುತ್ತಾರೆ.

ಎಲ್ಲವೂ ಹದದ ಮೇಲೆ ನಿಂತಿದೆ. ಕಾಳನ್ನು ಉಗುರಲ್ಲಿ ಒತ್ತಿದಾಗ ತೆಳ್ಳನೆ ಹಾಲು ಚಿಮ್ಮಿದರೆ ಇನ್ನೂ ಎಳೆಯದು. ಹಿಟ್ಟಿನಂತೆ ಮೆತ್ತಗಿದ್ದರೆ ಸರಿ. ಮುಂದೆ ಕಾಳಿನ ಸಕ್ಕರೆ ಪಿಷ್ಟವಾಗಿ ಗಟ್ಟಿಯಾದರೆ ರೊಟ್ಟಿಗಾದೀತೇ ಹೊರತು ಸೀತನಿಗಾಗದು. ಉತ್ತರ ಕರ್ನಾಟಕದಲ್ಲಿ ಇದಕ್ಕೆಂದೇ ಸಕ್ಕರಿ ಮುಕ್ಕರಿಯಂಥ ಸಿಹಿ ತಳಿಗಳೂ ಇವೆ.

ಹೊಲದಲ್ಲಿ ಸಣ್ಣ ತಗ್ಗು ತೋಡಿ ಕುಳ್ಳು ಹೊತ್ತಿಸುತ್ತಾರೆ. ಉರಿ ಆರಿ ಕೆಂಡವಷ್ಟೇ ಉಳಿಯುವವರೆಗೆ ಕಾಯಬೇಕು. ಉರಿಯಲ್ಲಿ ಸಿಪ್ಪೆ ಕರಕಾಗುತ್ತದೆ, ಕಾಳು ಹಸಿಯಾಗಿಯೇ ಇರುತ್ತದೆ. ದಂಟು ಕೈಯಲ್ಲಿ ಹಿಡಿದು ತೆನೆಯನ್ನು ಕೆಂಡದಲ್ಲಿ ಹೂತು, ಹೊರಳಿಸುತ್ತ ಸುಡುತ್ತಾರೆ. ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿದರೆ ಹೊಟ್ಟು ಹಾರಿ, ಹೊಗೆ ವಾಸನೆಯ ಹಸಿರು ಕಾಳು ಉಳಿಯುತ್ತದೆ. ಜತೆಗೆ ಬೆಲ್ಲ, ಕೊಬ್ಬರಿ. ಖಾರ ಬೇಕೆಂದವರಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಕೊನೆಗೊಂದು ಲೋಟ ಮಜ್ಜಿಗೆ.

ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಎಳ್ಳ ಅಮಾವಾಸ್ಯೆಯೂ ಇದೇ ಆಸುಪಾಸಿನಲ್ಲಿ ಬರುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಊಟವಾದ ಮೇಲೂ ತೆನೆ ಹದಕ್ಕೆ ಬಂದಿದ್ದರೆ ಮಕ್ಕಳು ಕೆಂಡದ ಸುತ್ತಲೇ.

ಅಮೆರಿಕದ ಮಕ್ಕಳು ಶಿಬಿರದ ಬೆಂಕಿಗೆ ಹಿಡಿಯುವ ಮಾರ್ಷ್‌ಮೆಲ್ಲೊ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ಸೀತನಿ ಕಾಯುವುದಿಲ್ಲ. ತೆನೆಯ ಹದ ಕೆಲವೇ ದಿನ. ಸುಟ್ಟ ಕಾಳು ಆರಿದರೆ ರುಚಿಯೂ ಹೋಯಿತು. ಬಿಸಿಬಿಸಿಯಾಗಿ ತಿನ್ನಬೇಕೆಂದರೆ ತಿನ್ನುವವರೇ ಹೊಲಕ್ಕೆ ಹೋಗಬೇಕು.

ಆ ಹೊಲದಲ್ಲಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಜೋಳದ ಕಣಿಕೆ ದೇವಣಿ ದನಗಳ ಮೇವು, ಅವುಗಳ ಸಗಣಿ ಕುಳ್ಳು, ಕುಳ್ಳಿನ ಕೆಂಡದಲ್ಲಿ ಮತ್ತೆ ಜೋಳದ ತೆನೆ. ಈಗ ಮುಂಗಾರಿಗೆ ಸೋಯಾ, ಹಿಂಗಾರಿಗೆ ಕಡಲೆ ಮುಂದಾಗಿವೆ. ಎರಡಕ್ಕೂ ಮಾರುಕಟ್ಟೆಯಿದೆ, ಆದರೆ ಎರಡರಿಂದಲೂ ಜೋಳದಂಥ ಕಣಿಕೆ ಸಿಗದು. ಹೀಗಾಗಿ ಜನವರಿಯಲ್ಲಿ ಸೀತನಿ ತಿನ್ನುವ ಆಸೆಯಿದ್ದವರು ಪರಿಚಯದ ರೈತರನ್ನು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಕೇಳಿಡುವುದು ಒಳ್ಳೆಯದು: ಈ ಸಲ ಜೋಳ ಬಿತ್ತುತ್ತೀರೇನು?