ಕ್ಯಾಪ್ಟನ್ ಮೂಲೆಯಲ್ಲಿ ನಿಲ್ಲಲಿ

ಶಾಲೆಗಳ ಹೋಬಳಿ ಮಟ್ಟದ ಕ್ರೀಡಾಕೂಟ ಬಂತೆಂದರೆ ಕೋಲಾರ ತಾಲ್ಲೂಕಿನ ವಕ್ಕಲೇರಿ ಕಡೆ ಕಬಡ್ಡಿಯದ್ದೇ ಮಾತು. ಕಲ್ಲು ಆರಿಸಿದ ಕೆಮ್ಮಣ್ಣಿನ ಅಂಗಳ, ಗೆರೆ ಎಳೆಯಲು ಸುಣ್ಣದ ಪುಡಿ, ಏಳು ಜನ ಹುಡುಗರು. ಇಷ್ಟಿದ್ದರೆ ಆಟ ಶುರು. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗುತ್ತಾರೆ. ತಂಡಕ್ಕೆ ಯಾರನ್ನು ಸೇರಿಸಬೇಕೆಂದು ಪಿ.ಟಿ. ಮೇಷ್ಟ್ರು ದಿನಗಟ್ಟಲೆ ಯೋಚಿಸುತ್ತಾರೆ. ಕ್ಯಾಪ್ಟನ್ ಯಾರೆಂಬುದು ಮಾತ್ರ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ: ಚೆನ್ನಾಗಿ ರೈಡ್ ಮಾಡುವವನೇ ಕ್ಯಾಪ್ಟನ್.

ಈ ರೂಢಿ ಬದಲಾಗಬೇಕು ಎಂಬುದು ನನ್ನ ಮಾತು. ಹೆಚ್ಚು ಸಲ ರೈಡ್‌ಗೆ ಹೋಗುವವನು ಹೆಚ್ಚು ಸಲ ಔಟಾಗುತ್ತಾನೆ. ಔಟಾದವರು ಒಳಗೆ ಬರುವುದು ಔಟಾದ ಸರದಿಯಲ್ಲೇ, ಅದೂ ತಮ್ಮವರು ಪಾಯಿಂಟ್ ತಂದಾಗ. ಅಲ್ಲಿಯವರೆಗೆ ಕ್ಯಾಪ್ಟನ್ ಹೊರಗೆ ಕೂತಿರುತ್ತಾನೆ, ಅಂಗಳದಲ್ಲಿ ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ.

ಮೂಲೆಯಲ್ಲಿ ನಿಂತ ಹುಡುಗನನ್ನು ಗಮನಿಸಿ. ಪಕ್ಕದವನ ಕೈ ಹಿಡಿದು ಚೈನ್ ಕಟ್ಟಿರುತ್ತಾನೆ, ಕಣ್ಣು ರೈಡರ್‌ನ ಪಾದದ ಮೇಲೆ. ಬೋನಸ್ ಗೆರೆಯತ್ತ ಒಂದು ಕಾಲು ಚಾಚಿದಾಗ ಇನ್ನೊಂದು ಕಾಲಿನ ಮೇಲೆ ಭಾರ ಬಿತ್ತೇ ಎಂದು ಅವನೇ ಮೊದಲು ಕಾಣುತ್ತಾನೆ. ಅವನು ಅರೆಗಳಿಗೆ ಮುಂಚೆ ನುಗ್ಗಿದರೆ ಚೈನ್ ಹರಿದು ಇಬ್ಬರು ಮೂವರು ಒಟ್ಟಿಗೆ ಔಟ್. ಸರಿಯಾದ ಗಳಿಗೆಯಲ್ಲಿ ಕಾಲು ಹಿಡಿದರೆ ಉಳಿದವರು ಮೇಲೆ ಬಿದ್ದು ಮುಗಿಸುತ್ತಾರೆ. ರಗ್ಬಿಯಲ್ಲಿ ಎಂಟು ಜನ ಫಾರ್ವರ್ಡ್‌ಗಳು ಹೆಗಲಿಗೆ ಹೆಗಲು ಕೊಟ್ಟು ತಳ್ಳುವ ಸ್ಕ್ರಮ್‌ನದೂ ಇದೇ ಗುಟ್ಟು. ಒಬ್ಬ ಸಡಿಲಾದರೆ ಎಂಟೂ ಜನರ ಬಲ ಹೋಯಿತು.

ಕ್ಯಾಪ್ಟನ್‌ನ ನಿಜವಾದ ಪರೀಕ್ಷೆ ಬರುವುದು ಅಂಗಳದಲ್ಲಿ ಇಬ್ಬರೇ ಉಳಿದಾಗ. ಉಳಿದ ಒಬ್ಬರನ್ನೋ ಇಬ್ಬರನ್ನೋ ತಾನೇ ಔಟೆಂದು ಘೋಷಿಸಿ ಏಳೂ ಜನರನ್ನು ಒಳಗೆ ಕರೆಸಿಕೊಳ್ಳುವ ಅಧಿಕಾರವನ್ನು ನಿಯಮವೇ ಕೊಟ್ಟಿದೆ. ಎದುರಾಳಿಗೆ ತಲೆಗೊಂದರಂತೆ 2 ಪಾಯಿಂಟ್, ಇಡೀ ತಂಡ ಔಟಾದುದಕ್ಕೆ ಸಿಗುವ ಲೋನಾದ 2, ಒಟ್ಟು 4. ಹುಡುಗರು ಇದನ್ನು ಸೋಲೊಪ್ಪಿಕೊಂಡಂತೆ ಎಂದುಕೊಳ್ಳುತ್ತಾರೆ. ಆದರೆ ಆ ಇಬ್ಬರೂ ಸಿಕ್ಕಿಬಿದ್ದು ಔಟಾದರೂ ಎದುರಾಳಿಗೆ ಹೋಗುವುದು ಅದೇ 4. ವ್ಯತ್ಯಾಸ ಇರುವುದು ಹೊತ್ತಿನಲ್ಲಿ. ಒಂದು ರೈಡ್‌ಗೆ 30 ಸೆಕೆಂಡ್. ಮುಂದಿರುವ ತಂಡ ಬೇಕೆಂದೇ ಆ ಇಬ್ಬರನ್ನು ಮುಟ್ಟದೆ, ಬರಿದೇ ಬಂದು ಹೋಗಿ ಹೊತ್ತು ಕಳೆಯುತ್ತದೆ. ಆಗ ಹಿಂದಿರುವವರಿಗೆ ಘೋಷಣೆಯೇ ದಾರಿ. ತಾವೇ ಮುಂದಿದ್ದರೆ ಇಬ್ಬರನ್ನೇ ಇಟ್ಟುಕೊಂಡು ತಡೆದು ನಿಲ್ಲಬೇಕು, ಸೂಪರ್ ಟ್ಯಾಕಲ್ ಇರುವ ಪಂದ್ಯವಾದರೆ ಒಂದು ಹಿಡಿತಕ್ಕೆ 2 ಪಾಯಿಂಟ್ ಬರುವ ಆಸೆಯೂ ಉಂಟು. ಈ ಲೆಕ್ಕ ಹಾಕಲು ತಲೆ ತಣ್ಣಗಿರಬೇಕು. ಈಗಷ್ಟೇ ರೈಡ್ ಮುಗಿಸಿ ಏದುಸಿರು ಬಿಡುತ್ತಿರುವ ಹುಡುಗನಿಂದ ಅದನ್ನು ಬಯಸುವುದು ಅನ್ಯಾಯ.

ಇಂಥ ತೀರ್ಮಾನಕ್ಕೆ ರಗ್ಬಿಯಿಂದಲೇ ಒಂದು ಉದಾಹರಣೆ: 2015ರ ರಗ್ಬಿ ವಿಶ್ವಕಪ್‌ನಲ್ಲಿ ಬ್ರೈಟನ್‌ನ ಪಂದ್ಯದ ಕೊನೆಗಳಿಗೆ. ದಕ್ಷಿಣ ಆಫ್ರಿಕಾದ ಎದುರು ಜಪಾನ್ 29-32ರಿಂದ ಹಿಂದಿತ್ತು. ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಗೋಲಿಗೆ ಒದ್ದಿದ್ದರೆ 3 ಪಾಯಿಂಟ್, ಪಂದ್ಯ ಸಮ. ಕ್ಯಾಪ್ಟನ್ ಮೈಕೆಲ್ ಲೀಚ್ ಸ್ಕ್ರಮ್ ಕೇಳಿದರು, ಜಪಾನ್ 34-32ರಿಂದ ಗೆದ್ದಿತು. ಲೀಚ್ ಸ್ವತಃ ಫಾರ್ವರ್ಡ್, ತಮ್ಮವರಲ್ಲಿ ಇನ್ನೆಷ್ಟು ಬಲ ಉಳಿದಿದೆಯೆಂಬುದು ಅವರ ಹೆಗಲಿಗೇ ಗೊತ್ತಿತ್ತು. ವಾರ ಕಳೆಯುವಷ್ಟರಲ್ಲಿ ವೇಲ್ಸ್ ಎದುರು 25-28ರಲ್ಲಿದ್ದ ಇಂಗ್ಲೆಂಡಿನ ಕ್ಯಾಪ್ಟನ್ ಕ್ರಿಸ್ ರಾಬ್‌ಶಾ ಕೂಡ ಸಮಕ್ಕೆ ಒಪ್ಪದೆ ಗೆಲುವಿಗೇ ಕೈ ಹಾಕಿದರು. ಅವರೂ ಫಾರ್ವರ್ಡೇ. ಇಂಗ್ಲೆಂಡ್ ಸೋತಿತು. ಆದರೂ ಆ ತೀರ್ಮಾನವನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ನಮ್ಮ ಕಬಡ್ಡಿಯಲ್ಲೇ 2019ರ ಪ್ರೊ ಕಬಡ್ಡಿ ಫೈನಲ್ ಇದೆ. ಬೆಂಗಾಲ್ ವಾರಿಯರ್ಸ್‌ನ ಕ್ಯಾಪ್ಟನ್, ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಹೊರಗಿದ್ದರು. ಅವರಿಲ್ಲದೆಯೂ ತಂಡ ದಬಂಗ್ ದೆಹಲಿಯನ್ನು 39-34ರಿಂದ ಮಣಿಸಿತು. 

ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ. ಸಂಜೆಯ ಅಭ್ಯಾಸದಲ್ಲಿ ಕೊನೆಯ ಹತ್ತು ನಿಮಿಷ ಹೀಗೆ ಆಡಿಸಿ: ಸ್ಕೋರು 18-21, ಹೊತ್ತು ಐದು ನಿಮಿಷ, ಉಳಿದವರು ಇಬ್ಬರು. ಮೂಲೆಯ ಹುಡುಗನನ್ನು ಕರೆದು, ‘ಏನು ಮಾಡ್ತೀಯಪ್ಪಾ?’ ಎಂದು ಕೇಳಿ. ಅವನು ಯೋಚಿಸುವಷ್ಟು ಹೊತ್ತು ಯಾರೂ ಬಾಯಿ ಹಾಕದಿರಲಿ.