ಶಿವರಾತ್ರಿ ಮುಗಿದರೂ ಮನೆಯಲ್ಲಿರಲಿ ಗೆಣಸು

ಜಹೀರಾಬಾದ್: ಶಿವರಾತ್ರಿ ಹತ್ತಿರ ಬಂತೆಂದರೆ ಸಾಕು, ಗಡಿಭಾಗದ ಸಂತೆಗಳಲ್ಲಿ ಗೆಣಸಿನ ರಾಶಿ ಬೀಳುತ್ತದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಎಲ್ಲಿ ಹೋದರೂ ಗಡ್ಡೆ ಒಂದೇ, ಹೆಸರು ಮಾತ್ರ ಬೇರೆ. ಕನ್ನಡದ ಮನೆಯವರಿಗೆ ಅದು ಗೆಣಸು, ತೆಲುಗಿನವರಿಗೆ ಮೊರಂಗಡ್ಡ ಇಲ್ಲವೇ ಚಿಲಗಡದುಂಪ, ಮರಾಠಿಯವರಿಗೆ ರತಾಳೆ, ಉರ್ದು ಮಾತನಾಡುವವರಿಗೆ ಶಕರ್‌ಕಂದ್. ಒಂದೇ ತಕ್ಕಡಿ ಮುಂದೆ ನಿಂತು ನಾಲ್ಕು ಭಾಷೆಯಲ್ಲಿ ರೇಟು ಕೇಳುವ ಊರುಗಳಿವು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡ ಹಾಗೂ ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರು ಆಂಧ್ರ ಪ್ರದೇಶಕ್ಕೆ ಸೇರಿದವು. 2014ರಿಂದ ಮೂರೂ ತೆಲಂಗಾಣದಲ್ಲಿವೆ. ಗಡಿ ಬದಲಾದರೂ ಇಲ್ಲಿನ ಕನ್ನಡ ಮನೆಗಳ ಹಬ್ಬದ ಅಡುಗೆ ಬದಲಾಗಲಿಲ್ಲ. ಜಹೀರಾಬಾದ್ ಬಳಿಯ ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ಕಡೆಯ ಭಕ್ತರು ಬರುತ್ತಾರೆ. ಶಿವರಾತ್ರಿಯಂದು ಉಪವಾಸ ಹಿಡಿದವರ ಹೊಟ್ಟೆಗೆ ಬೇಯಿಸಿದ ಗೆಣಸೇ ಆಧಾರ. ಆದರೆ ಮರುದಿನ ಉಪವಾಸ ಬಿಟ್ಟರೆ ಮುಗಿಯಿತು, ಉಳಿದ ಗಡ್ಡೆ ಮೂಲೆ ಸೇರುತ್ತದೆ. ವರ್ಷಕ್ಕೊಂದು ದಿನದ ಈ ನೆಂಟಸ್ತನ ಸಾಲದು. ಸರಿಯಾದದ್ದನ್ನು ಆರಿಸಿ, ನೀರಲ್ಲಿ ಬೇಯಿಸಿ, ಅಳತೆಯಲ್ಲಿ ತಿಂದರೆ ಗೆಣಸು ವರ್ಷಪೂರ್ತಿ ಮನೆಗೆ ಒಳ್ಳೆಯದನ್ನೇ ಮಾಡುತ್ತದೆ.

ಬಂದದ್ದು ದೂರದಿಂದ

ಉಪವಾಸದ ತಾಟಿನಲ್ಲಿ ಕೂತಿರುವ ಈ ಗಡ್ಡೆ ಮೂಲತಃ ನಮ್ಮ ನೆಲದ್ದಲ್ಲ. ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಪೋರ್ಚುಗೀಸರು ಭಾರತಕ್ಕೆ ತಂದರು. ಅಕ್ಕಿ, ಗೋಧಿ, ಜೋಳ ಮುಟ್ಟಬಾರದ ದಿನ ಗಡ್ಡೆ-ಗೆಣಸು ನಡೆಯುತ್ತದೆ ಎಂಬ ಪದ್ಧತಿಯಲ್ಲಿ ಅದು ಸಲೀಸಾಗಿ ಒಳಗೆ ಬಂತು. ಹೆಸರಿನಲ್ಲಿ ಆಲೂಗಡ್ಡೆಯ ಸಂಬಂಧ ಹೇಳಿದರೂ ಇವೆರಡೂ ಬೇರೆ ಬೇರೆ ಕುಲ. ಆಲೂಗಡ್ಡೆ ಬದನೆ, ಟೊಮೆಟೊ ಜಾತಿಗೆ ಸೇರಿದ್ದು. ಗೆಣಸು ಬೇಲಿ ಮೇಲೆ ಗಂಟೆಯಾಕಾರದ ಹೂ ಬಿಡುವ ಬಳ್ಳಿಗಳ ಜಾತಿಯದು. ಕರ್ನಾಟಕದಲ್ಲಿ ಗೆಣಸೆಂದರೆ ಬೆಳಗಾವಿ. ಅಲ್ಲಿನ ಮಾರುಕಟ್ಟೆಯಿಂದ ಉತ್ತರ ಭಾರತಕ್ಕೂ ಲಾರಿಗಳು ಹೋಗುತ್ತವೆ.

ಒಳಗೇನಿದೆ?

100 ಗ್ರಾಂ ಹಸಿ ಗೆಣಸಿನಲ್ಲಿ ಸುಮಾರು 86 ಕ್ಯಾಲರಿ, 20 ಗ್ರಾಂ ಪಿಷ್ಟ ಮತ್ತು ಸಕ್ಕರೆ, 3 ಗ್ರಾಂ ನಾರು, 337 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅಷ್ಟೇ ತೂಕದ ಅನ್ನದಲ್ಲಿ ಸುಮಾರು 130 ಕ್ಯಾಲರಿ, ನಾರು ಅರ್ಧ ಗ್ರಾಂ ಕೂಡ ಇರುವುದಿಲ್ಲ. ಹೀಗಾಗಿ ಗೆಣಸು ತಿಂದರೆ ಹೊಟ್ಟೆ ತುಂಬಿದ ಹಾಗಿರುತ್ತದೆ, ಮಲಬದ್ಧತೆ ಕಡಿಮೆಯಾಗುತ್ತದೆ. ಪೊಟ್ಯಾಸಿಯಂ ಉಪ್ಪಿನ ಕಾಟಕ್ಕೆ ಎದುರಾಗಿ ನಿಂತು ರಕ್ತದೊತ್ತಡ ಹತೋಟಿಯಲ್ಲಿಡಲು ನೆರವಾಗುತ್ತದೆ.

ಕೊರತೆ ಎಂದರೆ ಪ್ರೋಟೀನು. 100 ಗ್ರಾಂನಲ್ಲಿ ಒಂದೂವರೆ ಗ್ರಾಂ ಮಾತ್ರ. ಗೆಣಸಷ್ಟೇ ತಿಂದು ಮಕ್ಕಳು ಬೆಳೆಯಲಾರರು. ಅದರ ಜತೆ ಶೇಂಗಾ, ಮೊಸರು ಇಲ್ಲವೇ ಬೇಳೆ ಇರಬೇಕು. 2022ರಲ್ಲಿ ಜಿಐ ಮಾನ್ಯತೆ ಪಡೆದ ತಾಂಡೂರಿನ ತೊಗರಿ ಇರುವ ಊರಲ್ಲಿ ಇದೇನೂ ಕಷ್ಟವಲ್ಲ.

ಬಣ್ಣ ನೋಡಿ ಕೊಳ್ಳಿ

ಗೆಣಸು ತಿಂದರೆ ಕಣ್ಣಿಗೆ ಒಳ್ಳೆಯದು ಎಂಬ ಮಾತು ಎಲ್ಲ ಗೆಣಸಿಗೂ ಸಲ್ಲುವುದಿಲ್ಲ. ಕಣ್ಣಿಗೆ ಬೇಕಾದ್ದು ಎ ವಿಟಮಿನ್. ಅದು ದೇಹದಲ್ಲಿ ತಯಾರಾಗುವುದು ಬೀಟಾ ಕೆರೋಟಿನ್ ಎಂಬ ಕಿತ್ತಳೆ ಬಣ್ಣದ ವಸ್ತುವಿನಿಂದ. ಸಂತೆಯಲ್ಲಿ ಹೆಚ್ಚಾಗಿ ಸಿಗುವ, ಹೊರಗೆ ಕೆಂಪು ಒಳಗೆ ಬಿಳಿ ಇರುವ ಗೆಣಸಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಒಳಗೆ ಕಿತ್ತಳೆ ಬಣ್ಣವಿದ್ದರೆ ಮಾತ್ರ ಭರ್ತಿ. ಸಿಪ್ಪೆಯ ಬಣ್ಣ ನೋಡಿ ಮೋಸ ಹೋಗದೆ ಒಂದನ್ನು ಮುರಿದು ತೋರಿಸಲು ಹೇಳಬೇಕು. ಇಂಥ ಕಿತ್ತಳೆ ಗೆಣಸು 125 ಗ್ರಾಂ ತಿಂದರೆ ಶಾಲೆಗೆ ಹೋಗದ ಸಣ್ಣ ಮಗುವಿನ ಒಂದು ದಿನದ ಎ ವಿಟಮಿನ್ ಬಂದಂತೆ.

ಎ ವಿಟಮಿನ್ ಕಡಿಮೆಯಾದರೆ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ, ಕೊರತೆ ತೀವ್ರವಾದರೆ ದೃಷ್ಟಿಯೇ ಹೋಗಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧನೆಯ ಬಲದಿಂದಲೇ 1970ರಲ್ಲಿ ಮಕ್ಕಳಿಗೆ ಎ ವಿಟಮಿನ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಆಫ್ರಿಕಾದ ಮೊಜಾಂಬಿಕ್, ಉಗಾಂಡಾ ಮುಂತಾದ ದೇಶಗಳಲ್ಲಿ ಕಿತ್ತಳೆ ಗೆಣಸನ್ನೇ ಮನೆಮನೆಗೆ ಮುಟ್ಟಿಸಲಾಯಿತು. ಆ ಕೆಲಸ ಮಾಡಿದ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ ಅವರಿಗೆ ಹೊವರ್ತ್ ಬೌಯಿಸ್ ಜತೆ 2016ರ ವಿಶ್ವ ಆಹಾರ ಪ್ರಶಸ್ತಿ ಸಂದಿತು.

ನಮ್ಮಲ್ಲೂ ತಳಿಗಳಿವೆ. ತಿರುವನಂತಪುರದ ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಭೂ ಸೋನಾ’ ತಳಿಯ 100 ಗ್ರಾಂನಲ್ಲಿ 14 ಮಿಲಿಗ್ರಾಂ ಬೀಟಾ ಕೆರೋಟಿನ್ ಇದೆ. ಒಳಗೆ ನೇರಳೆ ಬಣ್ಣದ ‘ಭೂ ಕೃಷ್ಣಾ’ ಕೂಡ ಅದೇ ಸಂಸ್ಥೆಯದು.

ಮುಖದ ಕಾಂತಿಗೆ ಎಷ್ಟು?

ಎ ವಿಟಮಿನ್ ಕೊರತೆಯಾದರೆ ಚರ್ಮ ಒಣಗಿ ಒರಟಾಗುತ್ತದೆ. ಸಿ ವಿಟಮಿನ್ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ತಯಾರಾಗಲು ಬೇಕು. ಹೀಗಾಗಿ ಕಿತ್ತಳೆ ಗೆಣಸು, ಅದರ ಜತೆ ಪೇರಲ ಅಥವಾ ನಿಂಬೆ, ಚರ್ಮಕ್ಕೆ ನಿಜಕ್ಕೂ ಹಿತ. ಆದರೆ ಅದು ಕೊರತೆ ತುಂಬುತ್ತದೆ ಅಷ್ಟೇ. ಕಪ್ಪಿದ್ದವರನ್ನು ಬೆಳ್ಳಗೆ ಮಾಡುವ ಗುಣ ಗೆಣಸಿಗಿಲ್ಲ. ಗೆಣಸು ಅರೆದು ಮುಖಕ್ಕೆ ಹಚ್ಚುವುದಕ್ಕಿಂತ ಹೊಟ್ಟೆಗೆ ಹಾಕುವುದೇ ಲೇಸು. ಕಿತ್ತಳೆ ಗೆಣಸನ್ನು ದಿನವೂ ವಿಪರೀತ ತಿಂದರೆ ಅಂಗೈ ಹಳದಿಯಾಗುವುದುಂಟು. ಅದು ಕಾಮಾಲೆಯಲ್ಲ. ಕಾಮಾಲೆಯಾದರೆ ಕಣ್ಣಿನ ಬಿಳಿ ಭಾಗವೂ ಹಳದಿಯಾಗುತ್ತದೆ, ಆಗ ತಡಮಾಡದೆ ಡಾಕ್ಟರ ಬಳಿ ಹೋಗಬೇಕು.

ಶುಗರ್ ಇದ್ದವರು ತಿನ್ನಬೇಕಾ, ಬ್ಯಾಡಾ?

ಗಡಿಭಾಗದ ಮನೆಗಳಲ್ಲಿ ಹೆಚ್ಚು ಕೇಳುವ ಪ್ರಶ್ನೆ ಇದೇ. ‘ಸಿಹಿ ಅದ, ಮುಟ್ಟಬ್ಯಾಡ’ ಅನ್ನುವವರು ಒಂದು ಕಡೆ, ‘ಉಪವಾಸದ ಪದಾರ್ಥ, ಏನೂ ಆಗಂಗಿಲ್ಲ’ ಅನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ಸರಿಯಲ್ಲ.

ನೀರಿನಲ್ಲಿ ಬೇಯಿಸಿದ ಗೆಣಸು ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ. ಕೆಂಡದಲ್ಲಿ ಸುಟ್ಟದ್ದು ಬೇಗ ಏರಿಸುತ್ತದೆ. ನಿಧಾನಕ್ಕೆ ಸುಡುವಾಗ ಒಳಗಿನ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ, ಸುಟ್ಟ ಗೆಣಸು ಅಷ್ಟು ರುಚಿಯಾಗುವುದೂ ಅದಕ್ಕೇ. ಸಕ್ಕರೆ ಕಾಯಿಲೆಯವರು ಬೇಯಿಸಿ ಆರಿಸಿದ ಒಂದು ಸಣ್ಣ ಗೆಣಸನ್ನು ರೊಟ್ಟಿ ಅಥವಾ ಅನ್ನದ ಬದಲಿಗೆ ತಿನ್ನಬಹುದು, ಅವುಗಳ ಮೇಲೆ ಅಲ್ಲ. ಬೆಲ್ಲ, ಸಕ್ಕರೆ ಬೆರೆಸಬಾರದು.

ನಿಜವಾದ ಅಪಾಯ ಶಿವರಾತ್ರಿಯ ದಿನವೇ ಇದೆ. ಮಾತ್ರೆ ಇಲ್ಲವೇ ಇನ್ಸುಲಿನ್ ತೆಗೆದುಕೊಂಡು ದಿನವಿಡೀ ಖಾಲಿ ಹೊಟ್ಟೆಯಲ್ಲಿದ್ದರೆ ಸಕ್ಕರೆ ಧಡಕ್ಕನೆ ಇಳಿದು ತಲೆ ತಿರುಗಿ ಬೀಳಬಹುದು. ಸಂಜೆ ಒಮ್ಮೆಲೇ ಗೆಣಸು, ಸಾಬುದಾಣಿ, ಬಾಳೆಹಣ್ಣು ತಿಂದರೆ ಅಷ್ಟೇ ವೇಗದಲ್ಲಿ ಏರುತ್ತದೆ. ಉಪವಾಸ ಹಿಡಿಯುವ ಮೊದಲೇ ಮಾತ್ರೆಯ ಅಳತೆ ಬಗ್ಗೆ ಡಾಕ್ಟರನ್ನು ಕೇಳಬೇಕು. ಬೆವರು, ನಡುಕ ಬಂದರೆ ಕೂಡಲೇ ಸಕ್ಕರೆ ನೀರು ಕುಡಿದು ಉಪವಾಸ ಬಿಡಬೇಕು. ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಬೇಕಾದವರು ಡಾಕ್ಟರ ಮಾತು ಕೇಳದೆ ಗೆಣಸು ತಿನ್ನಬಾರದು.

ಹ್ಯಾಂಗ ಮಾಡಬೇಕು?

ಚೆನ್ನಾಗಿ ತೊಳೆದು ಸಿಪ್ಪೆ ಸಮೇತ ಬೇಯಿಸಿದರೆ ಸತ್ವ ನೀರಿಗೆ ಹೋಗುವುದು ಕಡಿಮೆ. ತಿನ್ನುವಾಗ ಒಂದು ಚಮಚ ತುಪ್ಪ ಅಥವಾ ಸ್ವಲ್ಪ ಶೇಂಗಾ ಇರಲಿ, ಬೀಟಾ ಕೆರೋಟಿನ್ ಮೈಗೆ ಹತ್ತಲು ಜಿಡ್ಡು ಬೇಕು. ಮರಾಠಿ ಮನೆಗಳ ‘ರತಾಳ್ಯಾಚಾ ಕೀಸ್’ ಇದಕ್ಕೆ ಒಳ್ಳೆಯ ಉದಾಹರಣೆ. ತುರಿದ ಗೆಣಸನ್ನು ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿ ಹಾಕಿ ಬಾಡಿಸಿ ಶೇಂಗಾಪುಡಿ ಉದುರಿಸಿದರೆ ಆಯಿತು. ಕನ್ನಡದ ಮನೆಗಳ ಗೆಣಸಿನ ಹೋಳಿಗೆ ಹಬ್ಬಕ್ಕೆ ಸರಿ, ದಿನಕ್ಕಲ್ಲ. ಅರೆಬೆಂದ ಗೆಣಸು ಹೊಟ್ಟೆಯುಬ್ಬರ ತರುತ್ತದೆ, ಪೂರ್ತಿ ಬೇಯಿಸಬೇಕು. ಎಳೆ ಎಲೆಗಳನ್ನು ಸೊಪ್ಪಿನ ಪಲ್ಯ ಮಾಡಬಹುದು.

ಫ್ರಿಜ್‌ನಲ್ಲಿಟ್ಟರೆ ಹಸಿ ಗೆಣಸು ಒಳಗೆ ಗಟ್ಟಿಯಾಗಿ ಕೆಡುತ್ತದೆ. ತೊಳೆಯದೆ ಗಾಳಿಯಾಡುವ ಕಡೆ ಇಡಬೇಕು. ಬೂಸ್ಟು ಹಿಡಿದ, ಹುಳ ಹೊಡೆದು ಕಹಿಯಾದ ಗೆಣಸನ್ನು ಜನರೂ ತಿನ್ನಬಾರದು, ದನಕ್ಕೂ ಹಾಕಬಾರದು. ಅದರಲ್ಲಿ ಹುಟ್ಟುವ ವಿಷ ದನಗಳ ಶ್ವಾಸಕೋಶ ಕೆಡಿಸಿ ಜೀವ ತೆಗೆಯುತ್ತದೆ.

ಹಿತ್ತಿಲಿಗೊಂದು ಬಳ್ಳಿ

ಗೆಣಸಿಗೆ ಬೀಜ ಬೇಕಿಲ್ಲ. ಗೇಣುದ್ದದ ಬಳ್ಳಿಯ ತುಂಡು ನೆಟ್ಟರೆ ಮೂರೂವರೆ-ನಾಲ್ಕು ತಿಂಗಳಲ್ಲಿ ಗಡ್ಡೆ ಕೈಗೆ ಬರುತ್ತದೆ. ಸಡಿಲ ಕೆಂಪು ಮಣ್ಣು ಇದಕ್ಕೆ ಪ್ರೀತಿ. ಕಪ್ಪು ಮಣ್ಣಿನಲ್ಲಿ ನೀರು ನಿಲ್ಲದಂತೆ ಎತ್ತರದ ಸಾಲು ಮಾಡಿ ನೆಡಬೇಕು. ಒಬ್ಬರ ಮನೆಯಲ್ಲಿ ಕಿತ್ತಳೆ ಗೆಣಸಿನ ಬಳ್ಳಿ ಬಂದರೆ ಓಣಿಗೆಲ್ಲ ತುಂಡು ಹಂಚಬಹುದು. ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಸಿರಿಧಾನ್ಯದ ಬೀಜವನ್ನು ಹೀಗೆ ಕೈಯಿಂದ ಕೈಗೆ ದಾಟಿಸಿಯೇ ಉಳಿಸಿದವು, 2019ರಲ್ಲಿ ಈಕ್ವೇಟರ್ ಪ್ರಶಸ್ತಿಯನ್ನೂ ಪಡೆದವು. ಈ ಸಲ ಸಂತೆಗೆ ಹೋದವರು ಒಂದು ಗೆಣಸು ಮುರಿಸಿ ನೋಡಲಿ. ಒಳಗೆ ಕಿತ್ತಳೆ ಕಂಡರೆ ಮಕ್ಕಳ ತಾಟಿಗೆ ಮೊದಲು ಅದು ಬೀಳಲಿ.