ಅಧ್ಯಾಪಕ ಪೀಠದಾಚೆಯ ತೇಜಸ್ವಿ

ಕನ್ನಡ ಎಂ.ಎ. ಮುಗಿಸಿದವರಿಗೆ ಅಧ್ಯಾಪನವೇ ಸಹಜ ದಾರಿಯೆನಿಸಿದ್ದ ಕಾಲದಲ್ಲಿ ಪೂರ್ಣಚಂದ್ರ ತೇಜಸ್ವಿ (1938–2007) ಮೂಡಿಗೆರೆಯ ಕಾಫಿ ತೋಟವನ್ನು ಆಯ್ದುಕೊಂಡರು. ತಂದೆ ಕುವೆಂಪು 1929ರಲ್ಲಿ ಮಹಾರಾಜಾ ಕಾಲೇಜಿನ ಅಧ್ಯಾಪಕರಾಗಿ ಸೇರಿ, 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದವರು. ಹೀಗಾಗಿ ಮಗನ ಆಯ್ಕೆಯನ್ನು ತಂದೆಯ ದಾರಿಯ ನಿರಾಕರಣೆಯೆಂದು ಓದುವುದು ಸುಲಭ. ಆದರೆ ಅದು ಅರ್ಧಸತ್ಯ. ‘ಅಬಚೂರಿನ ಪೋಸ್ಟಾಫೀಸು’ (1973) ಸಂಕಲನದ ಮುನ್ನುಡಿಯಲ್ಲಿ ನವ್ಯದ ಜಾಡನ್ನು ತೊರೆಯುವಾಗ ಅವರು ಲೋಹಿಯಾ, ಕಾರಂತರೊಡನೆ ಕುವೆಂಪು ಅವರ ಕಲಾಸೃಷ್ಟಿಯ ಪ್ರಭಾವವನ್ನೂ ಒಪ್ಪಿಕೊಂಡಿದ್ದಾರೆ.

‘ಕರ್ವಾಲೊ’ (1980) ಈ ದೃಷ್ಟಿಯಿಂದ ಗುರುಶಿಷ್ಯ ಸಂಬಂಧವನ್ನು ಕುರಿತ ಕಾದಂಬರಿಯೂ ಹೌದು. ಹಾರುವ ಓತಿಯನ್ನು ಅರಸುತ್ತಿರುವ ವಿಜ್ಞಾನಿ ಕರ್ವಾಲೊ, ಊರವರು ಅಪ್ರಯೋಜಕನೆಂದು ಕಡೆಗಣಿಸಿದ ಮಂದಣ್ಣನಲ್ಲಿ ಸಹಜ ಪ್ರಕೃತಿವಿಜ್ಞಾನಿಯನ್ನು ಕಾಣುತ್ತಾರೆ, ಅವನಿಂದ ಕಲಿಯುತ್ತಾರೆ. ಪದವಿಯಿಲ್ಲದ ಅರಿವಿಗೆ ಪಾಂಡಿತ್ಯ ತಲೆಬಾಗುವ ಈ ಸನ್ನಿವೇಶವನ್ನು ನಾವು ತರಗತಿಗಳಲ್ಲಿ ಬಹುಮಟ್ಟಿಗೆ ‘ಪರಿಸರ ಪ್ರಜ್ಞೆ’ ಎಂಬೊಂದು ಪ್ರಶ್ನೋತ್ತರಕ್ಕೆ ಇಳಿಸಿದ್ದೇವೆ. (ಪಾಠ ಹೇಳುವ ನಮಗೆ ಅದು ಅನುಕೂಲಕರವೂ ಹೌದು.) ಮಂದಣ್ಣನನ್ನು ಬಿಟ್ಟು ಕರ್ವಾಲೊ ಅವರನ್ನಷ್ಟೇ ಓದಿದರೆ ಕೊನೆಯಲ್ಲಿ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುವುದು ಬರಿಯ ಸೋಲಾಗಿ ಕಾಣುತ್ತದೆ. ಕಾದಂಬರಿ ಅದನ್ನು ಸೋಲೆಂದು ಎಣಿಸುವುದಿಲ್ಲ.